ಕಾರಿಲ್ಲದೆ ಮಾಸ್ಸಾ ಮರಿತ್ತಿಮಾ: ಗುಡ್ಡದ ಮೇಲೆ ಐದು ರಾತ್ರಿ

ಇಟಲಿಯ ಟಸ್ಕನಿ ಪ್ರಾಂತದ ಗುಡ್ಡದೂರುಗಳನ್ನು ಸ್ವಂತ ಕಾರಿಲ್ಲದೆ ನೋಡಲಾಗದು, ಸಸ್ಯಾಹಾರಿಗಳಂತೂ ಅಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಳಿಯಲಾರರು ಎಂದು ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರೂ ಹೇಳಿದ್ದರು. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಂಥದೇ ಒಂದು ಊರಾದ ಮಾಸ್ಸಾ ಮರಿತ್ತಿಮಾದಲ್ಲಿ ಐದು ರಾತ್ರಿ ನೆಮ್ಮದಿಯಾಗಿ ಉಳಿದು ಬಂದೆವು. ಅನುಮಾನಪಟ್ಟವರಲ್ಲಿ ಇಬ್ಬರು ಈಗ ನಮ್ಮ ದಾರಿಯಲ್ಲೇ ಹೊರಡಲು ಸಿದ್ಧರಾಗಿದ್ದಾರೆ ಎಂಬುದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ.

ಮೊದಲ ಸಲ ನಾವು ಪೂರ್ಣವಾಗಿ ಸೋತಿದ್ದೆವು. ಸಮುದ್ರವೂ ಸಿಗಲಿ, ಗುಡ್ಡವೂ ಸಿಗಲಿ ಎಂದು ಕೆಳಗಿನ ಫೊಲ್ಲೊನಿಕಾದಲ್ಲಿ ಕೋಣೆ ಹಿಡಿದು, ಸುಮಾರು 20 ಕಿಲೋಮೀಟರ್ ದೂರದ ಮಾಸ್ಸಾಕ್ಕೆ ಒಂದೇ ದಿನದಲ್ಲಿ ಹೋಗಿಬರುವ ಯೋಜನೆ ಹಾಕಿದ್ದೆವು. ಬಸ್ಸಿನ ವೇಳಾಪಟ್ಟಿಯಲ್ಲಿ ನಾನು ಗುರುತು ಹಾಕಿಕೊಂಡಿದ್ದ ಬಸ್ಸಿನ ಮುಂದೆ 'ಸ್ಕೊಲಾಸ್ತಿಕೊ' ಎಂದು ಬರೆದಿತ್ತು, ಅಂದರೆ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ ಓಡುವ ಬಸ್ಸು. ನಾವು ಹೋಗಿದ್ದು ಶಾಲೆಗಳಿಗೆ ರಜೆಯಿದ್ದ ಜೂನ್ ಕೊನೆಯಲ್ಲಿ. ಎರಡು ಗಂಟೆ ಬಿಸಿಲಿನಲ್ಲಿ ಕಾದು, 50 ಯೂರೋ ಕೊಟ್ಟು ಟ್ಯಾಕ್ಸಿಯಲ್ಲಿ ಮೇಲೆ ತಲುಪುವಷ್ಟರಲ್ಲಿ ಒಂದು ಗಂಟೆಯಾಗಿ, ವಸ್ತುಸಂಗ್ರಹಾಲಯವೂ ಅಂಗಡಿಗಳೂ ಮಧ್ಯಾಹ್ನದ ಬಿಡುವಿಗೆ ಮುಚ್ಚಿದ್ದವು. ಆ ದಿನ ಒಟ್ಟು 120 ಯೂರೋ ಖರ್ಚಾಗಿ, ಕಂಡದ್ದು ಮುಚ್ಚಿದ ಬಾಗಿಲುಗಳು.

ಮತ್ತೆ ಅದೇ ಊರಿಗೇ ಏಕೆ ಎಂದು ಕೇಳಿದವರಿಗೆ ಹೇಳಬೇಕಾದ ಕಾರಣವೊಂದಿದೆ. ನಾನು ಬೆಳೆದದ್ದು ಹಟ್ಟಿ ಚಿನ್ನದ ಗಣಿಯ ಊರಿನಲ್ಲಿ. ಮಾಸ್ಸಾ ಕೂಡ ತಾಮ್ರ ಮತ್ತು ಬೆಳ್ಳಿಯ ಗಣಿಗಳಿಂದ ಸಿರಿವಂತವಾದ ಊರು, ಮತ್ತು ಅದರ ಗಣಿ ಕಟ್ಟಳೆಯು ಯುರೋಪಿನ ಅತಿ ಹಳೆಯ ಗಣಿ ಶಾಸನಗಳಲ್ಲಿ ಒಂದು. 1335ರಲ್ಲಿ ಟಸ್ಕನಿಯದೇ ನಗರರಾಜ್ಯವಾದ ಸಿಯೆನಾ ಈ ಊರನ್ನು ವಶಪಡಿಸಿಕೊಂಡಿತು, 1348ರಲ್ಲಿ ಪ್ಲೇಗ್ ಬಂದಿತು, ಬಳಿಕ ಗಣಿಗಳು ನಿಂತವು, ಸುತ್ತಲಿನ ಜೌಗು ನೆಲದ ಮಲೇರಿಯಾ ಜನರನ್ನು ಓಡಿಸಿತು. ಹೊಸದಾಗಿ ಕಟ್ಟಿಸಲು ಹಣವೂ ಜನರೂ ಇಲ್ಲದ್ದರಿಂದಲೇ ಆ ಕಾಲದ ಊರು ಇಷ್ಟರಮಟ್ಟಿಗೆ ಉಳಿದಿದೆ ಎಂದು ನಾನು ನಂಬುತ್ತೇನೆ.

ಎರಡನೆಯ ಸಲ ಕೋಣೆಯನ್ನು ಮೇಲೆಯೇ, ಹಳೆಯ ಊರಿನೊಳಗೆ, ಅಡುಗೆಮನೆ ಸಹಿತ ಹಿಡಿದೆವು. ಕೇಳಿದ ಬಾಡಿಗೆ ರಾತ್ರಿಗೆ 90 ಯೂರೋ, ಕೊಟ್ಟದ್ದು 65. ಅದನ್ನು ಇಳಿಸಿಕೊಂಡ ಬಗೆಯನ್ನೂ ಮನೆಯ ವಿಳಾಸವನ್ನೂ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮುಂದಿನ ವರ್ಷ ನಮಗೆ ಅದೇ ಮನೆ ಬೇಕು. ಬಾಡಿಗೆ, ಊಟ, ರೋಮ್‌ನಿಂದ ರೈಲು, ಬಸ್ಸು, ಪ್ರವೇಶ ಶುಲ್ಕ ಎಲ್ಲ ಸೇರಿ ಇಬ್ಬರಿಗೆ 570 ಯೂರೋ ಆಸುಪಾಸಿನಲ್ಲಿ ಮುಗಿಯಿತೆಂದು ನೆನಪು. ರೈಲಿನಲ್ಲಿ ನಾವು ರೆಜೊನಾಲೆಯನ್ನೇ, ಅಂದರೆ ಪ್ರಾದೇಶಿಕ ರೈಲನ್ನೇ ಆರಿಸಿದೆವು. ನಿಧಾನವಾದರೂ ಅದರ ದರ ಕೊನೆಯ ದಿನಕ್ಕೆ ಏರುವುದಿಲ್ಲ.

ಊಟದಲ್ಲಿ ಕೆಲವು ಪ್ರಯೋಗಗಳು ಕೆಟ್ಟವು. ಅಲ್ಲಿನ ಆರ್ಬೊರಿಯೊ ಅಕ್ಕಿಯಲ್ಲಿ ಮಾಡಿದ ಅನ್ನ ಸಾರಿಗೆ ಹೊಂದದೆ ಮುದ್ದೆಯಾಯಿತು, ಆದರೆ ಅದೇ ಅನ್ನ ಮೊಸರನ್ನಕ್ಕೆ ನಮ್ಮ ಮನೆಯ ಅಕ್ಕಿಗಿಂತ ಚೆನ್ನಾಗಿ ಒದಗಿತು. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಹಾಗಾಗಿ ಒಯ್ದಿದ್ದ ಚಟ್ನಿಪುಡಿ ಅದಕ್ಕೆ ಹೇಳಿಮಾಡಿಸಿದಂತಿತ್ತು. ಕರಾವಳಿಯ ಕಡೆ ಕಡಲೆಹಿಟ್ಟಿನಿಂದ ಮಾಡುವ 'ಚೆಚೀನಾ' ಸಿಕ್ಕರೆ ಬಿಡಬಾರದು. ಪೆಕೊರಿನೊ ಚೀಸ್ ಮಾಡಲು ಸಾಮಾನ್ಯವಾಗಿ ಕುರಿಮರಿಯ ಜಠರದ ಹೆಪ್ಪು ಬಳಸುವುದರಿಂದ ಕಟ್ಟುನಿಟ್ಟಿನವರು ವಿಚಾರಿಸಿಕೊಳ್ಳಬೇಕು.

ಒಂದು ದಿನ ರೋಮನ್ನರಿಗಿಂತ ಮೊದಲು ಇಲ್ಲಿದ್ದ ಎತ್ರುಸ್ಕನ್ ಜನರ ಗಣಿಗಾರರ ಊರಿನ ಅವಶೇಷಗಳಿರುವ ಅಚ್ಚೇಸಾ ಕೆರೆಗೆ ಟ್ಯಾಕ್ಸಿಯಲ್ಲಿ ಹೋಗಿ ನಡೆದು ಮರಳಿದೆವು. ಕಾಲುದಾರಿಯಿಲ್ಲದ ರಸ್ತೆಯಂಚಿನಲ್ಲಿ ಮೂರು ಗಂಟೆ ನಡೆದದ್ದು ನನ್ನ ತಪ್ಪು ಲೆಕ್ಕಾಚಾರ, ನನ್ನ ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಮೇಲೆ ಉಳಿದದ್ದರ ನಿಜವಾದ ಲಾಭ ತಿಳಿದದ್ದು ಸಂಜೆ. ದಿನದ ಪ್ರವಾಸಿಗರು ಇಳಿದು ಹೋದ ಮೇಲೆ, ಚೌಕಕ್ಕೆ ಓರೆಯಾಗಿ ನಿಂತ ಸಾನ್ ಚೆರ್ಬೊನೆ ಕೆಥೆಡ್ರಲಿನ ಮೆಟ್ಟಿಲುಗಳ ಮೇಲೆ ನಾವಿಬ್ಬರೂ ಊರಿನ ಮುದುಕರೂ ಮಾತ್ರ ಉಳಿಯುತ್ತಿದ್ದೆವು. ಒಳಗೆ 1324ರಲ್ಲಿ ಗೋರೊ ದಿ ಗ್ರೆಗೋರಿಯೊ ಕೆತ್ತಿದ, ಸಂತ ಚೆರ್ಬೊನೆಯ ಅವಶೇಷಗಳಿಗಾಗಿ ಮಾಡಿದ ಅಮೃತಶಿಲೆಯ ಪೆಟ್ಟಿಗೆಯನ್ನು ನಾನು ಮೂರು ದಿನ ಬೆಳಿಗ್ಗೆ ಒಬ್ಬನೇ ನಿಂತು ನೋಡಿದೆ. ಸಂತನ ಕಥೆಯಲ್ಲಿ ಬರುವ ಹೆಬ್ಬಾತುಗಳನ್ನು ಗುರುತಿಸಲು ಮೊದಲ ದಿನ ನನಗೆ ಸಾಧ್ಯವಾಗಿರಲಿಲ್ಲ. ವಸ್ತುಸಂಗ್ರಹಾಲಯದಲ್ಲಿರುವ, ಸಿಂಹಾಸನದಲ್ಲಿ ಕುಳಿತ ಮೇರಿಯನ್ನು ತೋರಿಸುವ ಅಂಬ್ರೋಜೊ ಲೊರೆಂಜೆತ್ತಿಯ 'ಮಾಯೆಸ್ತಾ' ಚಿತ್ರದ ಮುಂದೆಯೂ ಅರ್ಧ ಗಂಟೆ ಯಾರೂ ಬರಲಿಲ್ಲ. ಅಡ್ಡಬಿಲ್ಲಿನ ಸ್ಪರ್ಧೆ ನಡೆಯುವ ಮೇ ಮತ್ತು ಆಗಸ್ಟ್‌ನ ದಿನಗಳಲ್ಲಿ ಈ ನಿಶ್ಶಬ್ದ ಸಿಗುವುದಿಲ್ಲ.

ಹೊರಡುವುದು ಭಾನುವಾರವಾದರೆ ಬಸ್ಸುಗಳು ತೀರ ಕಡಿಮೆ ಇರುತ್ತವೆ. ಟಿಕೆಟ್ ಮಾರುವ ತಂಬಾಕಿನ ಅಂಗಡಿಯೂ ಮುಚ್ಚಿರಬಹುದಾದ್ದರಿಂದ ನಾವು ಶನಿವಾರವೇ ಟಿಕೆಟ್ ಕೊಂಡು, ವೇಳಾಪಟ್ಟಿಯಲ್ಲಿ 'ಫೆಸ್ತಿವೊ', ಅಂದರೆ ಭಾನುವಾರ ಮತ್ತು ರಜಾದಿನದ್ದು, ಎಂದು ಬರೆದ ಸಾಲನ್ನು ಮನೆಯೊಡತಿಯಿಂದ ಎರಡು ಬಾರಿ ಓದಿಸಿಕೊಂಡೆವು.