ಸಾಕು ಹಾವಿನ ಬಣ್ಣ ಬದಲಾಗುತ್ತಿದೆಯೇ? ಹೀಗೆ ಗಮನಿಸಿ

ಚಿಕ್ಕಮಗಳೂರಿನಲ್ಲೂ ಈಗ ಹಾವು ಸಾಕುವ ಹುಡುಗರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ತಲೆಬಿಸಿ ಮಾತ್ರ ಮನೆಯ ಹಿರಿಯರಿಗೆ. 'ತಂದಾಗ ಬೂದಿ ಬಣ್ಣ ಇತ್ತು, ಈಗ ಕೆಂಪಗಾಗ್ತಿದೆ. ಕಾಯಿಲೆ ಏನಾದ್ರೂ ಬಂತಾ?' ಕಾಯಿಲೆಯಲ್ಲ, ಬೆಳವಣಿಗೆ. ಆದರೆ ಬಣ್ಣ ತುಂಬಿಕೊಂಡ ಮಾತ್ರಕ್ಕೆ ಹಾವು ಮೊಟ್ಟೆ ಇಡಲು ತಯಾರಾಯಿತು ಅಂದುಕೊಳ್ಳಬೇಡಿ.

ಮೊದಲು ಕಾನೂನು. ಕಾಫಿ ತೋಟದಲ್ಲಿ ಸಿಕ್ಕ ಹೆಬ್ಬಾವಿನ ಮರಿಯನ್ನೋ ಕೇರೆಯನ್ನೋ ಮನೆಗೆ ತರುವ ಹಾಗಿಲ್ಲ. ನಮ್ಮ ಕಾಡಿನ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಇಲ್ಲಿ ಹೇಳುತ್ತಿರುವುದು ಹೊರದೇಶದ ತಳಿಗಳ ಬಗ್ಗೆ. ಅವುಗಳಲ್ಲೂ ಬಾಲ್ ಪೈಥಾನ್, ಗ್ರೀನ್ ಟ್ರೀ ಪೈಥಾನ್‌ನಂಥ ಹೆಬ್ಬಾವುಗಳನ್ನು ಕೇಂದ್ರ ಸರ್ಕಾರದ 'ಪರಿವೇಶ್' ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಇನ್ನು ನಿಮ್ಮ ಹಾವು ಯಾವ ಜಾತಿ ಅಂತ ಖಚಿತ ಮಾಡಿಕೊಳ್ಳಿ. ಎಲ್ಲವೂ ಒಂದೇ ರೀತಿ ಬದಲಾಗುವುದಿಲ್ಲ. ಅಮೆರಿಕದ ಕಾರ್ನ್ ಸ್ನೇಕ್ ಮೊಟ್ಟೆಯಿಂದ ಬಂದಾಗ ಬೂದಿ ಮೈ, ಅದರ ಮೇಲೆ ಕಂದುಗೆಂಪು ಮಚ್ಚೆ. ಒಂದೆರಡು ವರ್ಷದಲ್ಲಿ ಮಚ್ಚೆಗಳ ನಡುವೆ ಕಿತ್ತಳೆ ಏರುತ್ತದೆ. ಬಾಲ್ ಪೈಥಾನ್‌ನಲ್ಲಿ ಇಂಥ ಸಡಗರ ಇಲ್ಲ. ಮರಿಯಲ್ಲಿ ಎದ್ದು ಕಾಣುವ ಕಪ್ಪು, ಹೊಂಬಣ್ಣ ವಯಸ್ಸಾದಂತೆ ತುಸು ಮಂಕಾಗುತ್ತದೆ, ಅಷ್ಟೇ.

ನಿಜವಾದ ಮೋಜು ಇರುವುದು ನ್ಯೂ ಗಿನಿ, ಆಸ್ಟ್ರೇಲಿಯಾ ಕಡೆಯ ಗ್ರೀನ್ ಟ್ರೀ ಪೈಥಾನ್‌ನಲ್ಲಿ. ಮರಿ ಅಚ್ಚ ಹಳದಿ, ಇಲ್ಲವೇ ಇಟ್ಟಿಗೆ ಕೆಂಪು. ಸುಮಾರು ಒಂದು ವರ್ಷಕ್ಕೆ, ಅರ್ಧ ಮೀಟರ್ ದಾಟುವ ಹೊತ್ತಿಗೆ ಹಸಿರಾಗುತ್ತದೆ. ಚಿಕ್ಕದಿದ್ದಾಗ ಅದು ನೆಲದ ಹತ್ತಿರ ಹಲ್ಲಿಯಂಥ ಸಣ್ಣ ಜೀವಿಗಳನ್ನು ಹಿಡಿಯುತ್ತದೆ. ದೊಡ್ಡದಾದ ಮೇಲೆ ಮರ ಹತ್ತುತ್ತದೆ. ಎಲೆಗಳ ನಡುವೆ ಅಡಗಲು ಹಸಿರೇ ಬೇಕಲ್ವಾ? ಈ ಹಸಿರಿನ ಹಿಂದೆ ಹಳದಿ ವರ್ಣಕಣ, ಅದರ ಕೆಳಗೆ ನೀಲಿ ಬೆಳಕನ್ನು ಹಿಂದಕ್ಕೆ ಕಳಿಸುವ ಹರಳುಗಳ ಪದರ ಇರುತ್ತದೆ. ಎರಡೂ ಸೇರಿ ಕಣ್ಣಿಗೆ ಹಸಿರು. ಕಾಲೇಜು ಲ್ಯಾಬಿನ ಬಾಟಲಿಯಲ್ಲಿ ಹಸಿರು ಹಾವು ನೀಲಿಯಾಗಿ ಕಾಣುವುದೂ ಇದಕ್ಕೇ. ಹಳದಿ ಹೋಗಿ ನೀಲಿ ಉಳಿದಿರುತ್ತದೆ.

ಬದಲಾವಣೆಯನ್ನು ದಾಖಲಿಸಲು ಪೊರೆ ಬಿಟ್ಟ ಮಾರನೇ ದಿನ ಫೋಟೊ ತೆಗೆಯಿರಿ. ಪೊರೆ ಬಿಡುವ ಮೊದಲು ಮೈ ಮಾಸುತ್ತದೆ, ಕಣ್ಣು ಹಾಲು ಬೆರೆಸಿದ ನೀಲಿಯಾಗುತ್ತದೆ. ನಂತರ ಕಣ್ಣು ತಿಳಿಯಾಗಿ, ಕೆಲವು ದಿನದಲ್ಲಿ ಮೂತಿಯ ಕಡೆಯಿಂದ ಪೊರೆ ಕಳಚುತ್ತದೆ. ಆ ಮಾಸಿದ ದಿನಗಳಲ್ಲಿ ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ, ಹಾವನ್ನು ಸುಮ್ನೆ ಎತ್ತಿಕೊಳ್ಳಲೂಬೇಡಿ. ಫೋಟೊ ಪ್ರತಿ ಸಲ ಒಂದೇ ಕಿಟಕಿ ಪಕ್ಕ, ಒಂದೇ ಹೊತ್ತಿಗೆ, ಬಿಳಿ ಕಾಗದದ ಮೇಲೆ ಇರಲಿ. ಮೂಡಿಗೆರೆ ಕಡೆಯ ಮಳೆಗಾಲದ ಮೋಡದ ಬೆಳಕಿನಲ್ಲಿ ಕಿತ್ತಳೆಯೂ ಕಂದಾಗಿ ಕಾಣುತ್ತದೆ. ಫೋಟೊದಲ್ಲಿ ಕಾಗದ ಬೆಳ್ಳಗಿಲ್ಲದಿದ್ದರೆ ಮೋಸ ಬೆಳಕಿನದೇ ಅಂತ ಗೊತ್ತಾಗುತ್ತದೆ. ಬೋವಾ ಎಂಬ ಹಾವುಗಳಲ್ಲಿ ಕೆಲವಂತೂ ಹಗಲು ಒಂದು ಬಣ್ಣ, ರಾತ್ರಿ ಇನ್ನೊಂದು ಛಾಯೆ ತೋರಿಸುತ್ತವೆ.

ಜೊತೆಗೆ ತೂಕ. ಅಡುಗೆಮನೆ ತಕ್ಕಡಿಯ ಮೇಲೆ ಮುಚ್ಚಳವಿರುವ ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ಹಾವನ್ನು ಬಿಡಿ. ಹಾವು ಮೊಟ್ಟೆಗೆ ತಯಾರೋ ಇಲ್ಲವೋ ಅಂತ ಹೇಳುವುದು ವಯಸ್ಸು ಮತ್ತು ಈ ಅಂಕಿ. ಹೆಣ್ಣು ಕಾರ್ನ್ ಸ್ನೇಕ್‌ಗೆ ಸಾಮಾನ್ಯವಾಗಿ ಮೂರು ವರ್ಷ, ಕನಿಷ್ಠ 300 ಗ್ರಾಂ. ಹೆಣ್ಣು ಬಾಲ್ ಪೈಥಾನ್‌ಗೆ ಮೂರು ವರ್ಷ, 1,500 ಗ್ರಾಂ. ಆತುರಪಟ್ಟು ಚಿಕ್ಕ ಹೆಣ್ಣನ್ನು ಗಂಡಿನ ಜೊತೆ ಬಿಟ್ಟರೆ ಮೊಟ್ಟೆ ಸಿಕ್ಕಿಹಾಕಿಕೊಂಡು ಹಾವೇ ಸಾಯಬಹುದು. ಈ ವಿಷಯದಲ್ಲಿ ಮಾರುವವರ ಮಾತು ನಂಬುವುದಕ್ಕಿಂತ ತಕ್ಕಡಿ ನಂಬುವುದು ವಾಸಿ.

ಮೊಟ್ಟೆ ಕಟ್ಟುವ ಹೊತ್ತಿಗೂ ಒಂದಿಷ್ಟು ಬಣ್ಣದಾಟ ಇದೆ. ಬಸಿರಾದ ಗ್ರೀನ್ ಟ್ರೀ ಪೈಥಾನ್ ಹೆಣ್ಣುಗಳು ನೀಲಿಗೆ ತಿರುಗುವುದುಂಟು. ಹಾರ್ಮೋನಿನ ಪ್ರಭಾವ ಅದು. ಬಾಲ್ ಪೈಥಾನ್ ಹೆಣ್ಣು ಈ ಕಾಲದಲ್ಲಿ ತಿಳಿಯಾಗಿ ಹೊಳೆಯುತ್ತದೆ ಅಂತ ಸಾಕುವವರು ಹೇಳುತ್ತಾರೆ. ಬರೀ ಅದನ್ನು ನೆಚ್ಚಿಕೊಳ್ಳಬೇಡಿ. ಹೊಟ್ಟೆ ಮೇಲೆ ಮಾಡಿ ಮಲಗುತ್ತಿದೆಯೇ, ಊಟ ಬಿಟ್ಟಿದೆಯೇ ನೋಡಿ. ಮೊಟ್ಟೆಗೆ ಮುಂಚಿನ ಪೊರೆ ಬಿಟ್ಟ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಾಲ್ ಪೈಥಾನ್‌ನಲ್ಲಿ ಅಲ್ಲಿಂದ ಸುಮಾರು ತಿಂಗಳಿಗೆ ಮೊಟ್ಟೆ ಬರುತ್ತದೆ. ಅಷ್ಟರೊಳಗೆ ಒದ್ದೆ ಪಾಚಿ ಹಾಕಿದ ಪೆಟ್ಟಿಗೆಯೊಂದು ಗೂಡಿನಲ್ಲಿರಲಿ.