ಕಣ್ಣಿಗೆ ಕಂಡ ನೆರಳು, ಕಾಲಿಗೆ ಸಿಕ್ಕ ನೆಲ

ನಾನು ಮಾಡುತ್ತಿರುವ ವಿಡಿಯೋ ಗೇಮಿನಲ್ಲಿ ನೆರಳಿನ ಮೇಲೆ ನಡೆಯಬಹುದು. ಇಡೀ ಆಟಕ್ಕೆ ಅದೊಂದೇ ನಿಯಮ. ಒಬ್ಬಳು ಹುಡುಗಿ, ಅವಳ ಕೈಯಲ್ಲೊಂದು ಲಾಟೀನು. ದಾರಿಯಲ್ಲಿ ಪೆಟ್ಟಿಗೆ, ಕಂಬ, ಗುಂಡಿ. ಲಾಟೀನಿನ ಬೆಳಕು ಪೆಟ್ಟಿಗೆಗೆ ತಾಗಿದಾಗ ಅದರಾಚೆ ಉದ್ದಕ್ಕೆ ನೆರಳು ಬೀಳುತ್ತದೆ. ಆ ನೆರಳಿನ ಮೇಲಂಚು ಅವಳಿಗೆ ನೆಲ. ದೀಪವನ್ನು ಪೆಟ್ಟಿಗೆಯ ತಲೆಗಿಂತ ಕೆಳಗೆ ಇಟ್ಟರೆ ನೆರಳು ಮೇಲಕ್ಕೆ ಹತ್ತುವ ದಾರಿಯಾಗುತ್ತದೆ. ತಲೆಯ ಮಟ್ಟಕ್ಕೇ ಇಟ್ಟರೆ ಸಮನಾದ ಸೇತುವೆ. ಇನ್ನೂ ಎತ್ತರದ ಕೊಕ್ಕೆಗೆ ನೇತುಹಾಕಿದರೆ ಕೆಳಕ್ಕೆ ಇಳಿಯುವ ಜಾರು.

ದೀಪ ಕೈಯಲ್ಲೇ ಇದ್ದರೆ ಸೇತುವೆ ನಿಲ್ಲುವುದಿಲ್ಲ. ಅವಳು ಹೆಜ್ಜೆ ಇಟ್ಟಂತೆಲ್ಲ ನೆರಳೂ ಸರಿಯುತ್ತದೆ. ಸೇತುವೆ ಒಂದು ಕಡೆ ನಿಲ್ಲಬೇಕು ಅಂದರೆ ದೀಪವನ್ನು ಹಿಂದೆಯೇ ಬಿಟ್ಟು ಹೋಗಬೇಕು. ಆಟದ ಎಲ್ಲ ಒಗಟುಗಳೂ ಈ ಇಕ್ಕಟ್ಟಿನಿಂದಲೇ ಹುಟ್ಟಿದವು. ನಾನು ಹೊಸದಾಗಿ ಸೇರಿಸಿದ್ದು ತುಂಬಾ ಕಡಿಮೆ.

ಬೆಳಕು ಕತ್ತಲೆಯ ಆಟಗಳು ಹೊಸತೇನಲ್ಲ. 2010ರಲ್ಲಿ ಡೆನ್ಮಾರ್ಕಿನ ಪ್ಲೇಡೆಡ್ ತಂಡದ 'ಲಿಂಬೋ' ಬಂತು. ಕಪ್ಪು ಬಿಳುಪು ಮಾತ್ರ ಇಟ್ಟುಕೊಂಡು ಎಷ್ಟು ಹೇಳಬಹುದು ಅಂತ ತೋರಿಸಿತು. ಆದರೆ ಅಲ್ಲಿ ಕತ್ತಲೆ ಹೆಚ್ಚಾಗಿ ವಾತಾವರಣ. ಮೊದಲು ಬ್ರೌಸರಿನಲ್ಲಿ ಆಡುವ ಫ್ಲ್ಯಾಶ್ ಆಟವಾಗಿದ್ದು 2012ರಲ್ಲಿ ಪ್ಲೇಸ್ಟೇಷನ್ 3ಕ್ಕೆ ಬಂದ 'ಕ್ಲೋಷರ್' ಇನ್ನೂ ಮುಂದೆ ಹೋಯಿತು. ಬೆಳಕು ಬಿದ್ದದ್ದು ಮಾತ್ರ ಇದೆ, ಬೀಳದ್ದು ಇಲ್ಲವೇ ಇಲ್ಲ, ಅದು ಅಲ್ಲಿಯ ನಿಯಮ. ಕತ್ತಲಲ್ಲಿ ಕಾಲಿಟ್ಟರೆ ನೆಲವೇ ಇರುವುದಿಲ್ಲ, ಬೀಳುತ್ತೀರಿ. 2013ರ 'ಕಾಂಟ್ರಾಸ್ಟ್' ಗೋಡೆಯ ಮೇಲಿನ ನೆರಳಿನೊಳಗೇ ಇಳಿಯಲು ಬಿಟ್ಟಿತು. ಈ ಮೂರನ್ನೂ ನಾನು ಆಡಿ, ನಿಲ್ಲಿಸಿ, ಮತ್ತೆ ಆಡಿ ನೋಡಿದ್ದೇನೆ. ನನ್ನ ಮಟ್ಟಿಗೆ 'ಕ್ಲೋಷರ್' ದೊಡ್ಡ ಗುರು. ಒಂದು ನಿಯಮವನ್ನು ಹಿಡಿದರೆ ಕೊನೆಯವರೆಗೂ ಬಿಡಬಾರದು ಅನ್ನುವುದನ್ನು ಅದರಿಂದ ಕಲಿತೆ.

ಆಟ ಕಟ್ಟಿದ್ದು ಗೊಡೋ ಎಂಜಿನ್‌ನಲ್ಲಿ. ಎಂಜಿನ್ ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್. ಅರ್ಜೆಂಟೀನಾದಲ್ಲಿ ಹುಟ್ಟಿದ ಇದು 2014ರಲ್ಲಿ ಓಪನ್ ಸೋರ್ಸ್ ಆಯಿತು, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ಬದಲಿಸಬಹುದು. ದುಡ್ಡು ಕೊಡಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ 2ಡಿ ದೀಪ ಇಡುವುದು ಸುಲಭ. ದೀಪ ಅನ್ನುವ ನೋಡ್ (ಆಟ ಕಟ್ಟಲು ಎಂಜಿನ್ ಕೊಡುವ ಸಿದ್ಧ ತುಣುಕು) ಒಂದು, ಬೆಳಕು ತಡೆಯುವ ನೋಡ್ ಇನ್ನೊಂದು. ಎರಡನ್ನೂ ತೆರೆಯ ಮೇಲೆ ಎಳೆದಿಟ್ಟರೆ ಕೂಡಲೇ ಚೆಂದದ ನೆರಳು ಬೀಳುತ್ತದೆ.

ಕಷ್ಟ ಅಲ್ಲಿಂದಲೇ ಶುರು. ಆ ನೆರಳು ಬರೀ ಚಿತ್ರ. ಅದನ್ನು ಬಿಡಿಸುವುದು ಗ್ರಾಫಿಕ್ಸ್ ಚಿಪ್. ಹುಡುಗಿ ಎಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವುದು ಫಿಸಿಕ್ಸ್, ಅಂದರೆ ಯಾವುದು ಯಾವುದಕ್ಕೆ ತಾಗುತ್ತದೆ ಅಂತ ಲೆಕ್ಕ ಹಾಕುವ ಎಂಜಿನ್ನಿನ ಭಾಗ. ಚಿಪ್ ಬಿಡಿಸಿದ ನೆರಳು ಫಿಸಿಕ್ಸ್‌ಗೆ ಗೊತ್ತೇ ಇರುವುದಿಲ್ಲ. ಹಾಗಾಗಿ ಒಂದೇ ನೆರಳನ್ನು ನಾವು ಎರಡು ಸಲ ಮಾಡಬೇಕು, ಕಣ್ಣಿಗೊಂದು, ಕಾಲಿಗೊಂದು. ಆಡುವವರಿಗೆ ಎರಡೂ ಒಂದೇ ಅನ್ನಿಸಬೇಕು. ಅಲ್ಲಿ ನೆರಳು ಕಾಣುತ್ತಿದೆ, ಆದರೂ ಬಿದ್ದೆ ಅಂತ ಒಂದು ಸಲ ಅನ್ನಿಸಿದರೆ ಸಾಕು, ಆಮೇಲೆ ಅವರು ಒಗಟನ್ನು ಬಿಟ್ಟು ಆಟವನ್ನೇ ಅನುಮಾನಿಸುತ್ತಾರೆ. ನನ್ನ ಕೆಲಸದ ಮುಕ್ಕಾಲು ಪಾಲು ಈ ನಂಬಿಕೆಯನ್ನು ಉಳಿಸಿಕೊಳ್ಳುವುದೇ ಆಗಿದೆ.

2ಡಿ ಬೆಳಕಿಗೆ ಎಲ್ಲರಿಗೂ ಗೊತ್ತಿರುವ ಲೆಕ್ಕ ಒಂದಿದೆ. ದೀಪದಿಂದ ಪ್ರತಿಯೊಂದು ಮೂಲೆಗೂ ಒಂದು ಗೆರೆ ಎಳೆಯಬೇಕು. ಆ ಗೆರೆಯ ಎಡಕ್ಕೊಂದು, ಬಲಕ್ಕೊಂದು, ಕೂದಲೆಳೆಯಷ್ಟು ವಾಲಿದ ಗೆರೆ. ಅವು ಎಲ್ಲೆಲ್ಲಿ ಗೋಡೆಗೆ ತಾಗುತ್ತವೆಯೋ ಆ ಬಿಂದುಗಳನ್ನು ಕೋನದ ಪ್ರಕಾರ ಜೋಡಿಸಿದರೆ ಬೆಳಕಿನ ಆಕಾರ ಸಿಗುತ್ತದೆ. ಲೆಕ್ಕ ಸರಿಯಾದದ್ದೇ. ಆದರೆ ನನಗೆ ಬೇಕಿದ್ದದ್ದು ಬೆಳಕಿನ ಆಕಾರ ಅಲ್ಲ, ನೆರಳಿನದ್ದು. ಕಾಲಿಗೆ ಬೆಳಕು ಬೇಕಾಗಿಲ್ಲವಲ್ಲ! ಹಾಗಾಗಿ ಪ್ರತಿ ಪೆಟ್ಟಿಗೆಯ ನೆರಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿದೆ. ದೀಪದ ಕಡೆಯಿಂದ ನೋಡಿದರೆ ಪೆಟ್ಟಿಗೆಯ ಎರಡು ಮೂಲೆಗಳು ಅಂಚಿಗೆ ಬರುತ್ತವೆ. ಆ ಎರಡರಿಂದ ದೀಪಕ್ಕೆ ವಿರುದ್ಧ ದಿಕ್ಕಿಗೆ, ದೀಪದ ಅಳವು ಮುಗಿಯುವ ತನಕ ಗೆರೆ ಎಳೆದರೆ ಆಯಿತು. ಸಿಗುವುದು ಎಲ್ಲೂ ಒಳಕ್ಕೆ ಬಾಗದ ಸರಳ ಆಕಾರ. ಫಿಸಿಕ್ಸ್‌ಗೆ ಅಂಥದ್ದೇ ಇಷ್ಟ. ನೆರಳುಗಳು ಒಂದರ ಮೇಲೊಂದು ಬಿದ್ದರೂ ತೊಂದರೆಯಿಲ್ಲ.

ಎರಡನೆಯ ದೀಪ ಬಂದಾಗ ಲೆಕ್ಕ ಬೇರೆ. ಮೊದಲ ದೀಪದ ನೆರಳಿಗೆ ಎರಡನೆಯದರ ಬೆಳಕು ಬಿದ್ದರೆ ಅಲ್ಲಿ ನೆರಳು ಕರಗಬೇಕು. ಅಂದರೆ ಒಂದು ಆಕಾರದಿಂದ ಇನ್ನೊಂದನ್ನು ಕತ್ತರಿಸಬೇಕು. ಗೊಡೋದಲ್ಲಿ ಇದಕ್ಕೆ ಸಿದ್ಧವಾದ ಫಂಕ್ಷನ್‌ಗಳೇ ಇವೆ. ಕತ್ತರಿಸಿದ ಮೇಲೆ ಸೂಜಿಯಂಥ ಸಣ್ಣ ಚೂರುಗಳು ಉಳಿಯುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಾಲಿಗೆ ಸಿಕ್ಕಿಕೊಳ್ಳುತ್ತವೆ. ಇಷ್ಟು ಗಾತ್ರಕ್ಕಿಂತ ಚಿಕ್ಕದಾದ ಚೂರನ್ನು ಎಸೆದುಬಿಡು ಅಂತ ಒಂದು ಮಿತಿ ಇಟ್ಟಿದ್ದೇನೆ. ದೀಪವನ್ನು ಕೆಳಗಿಟ್ಟ ಕೂಡಲೇ ಅದರ ಜಾಗವನ್ನು ಹತ್ತಿರದ ಪೂರ್ತಿ ಪಿಕ್ಸೆಲ್‌ಗೆ ಕೂರಿಸುತ್ತೇನೆ. ಇದರಿಂದ ಅರ್ಧಕ್ಕರ್ಧ ಕಿರಿಕಿರಿ ಹೋಯಿತು.

ನೆರಳು ಚಲಿಸುವ ನೆಲ. ಹುಡುಗಿ ನಿಂತ ಜಾಗಕ್ಕೇ ನೆರಳು ಬಂದು ನುಗ್ಗಿದರೆ ಅವಳು ಏನಾಗಬೇಕು? ಪಕ್ಕಕ್ಕೆ ತಳ್ಳಬಹುದು, ಹಿಸುಕಬಹುದು. ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಶಾಂತವಾಗಿ ಯೋಚಿಸುವ ಆಟದಲ್ಲಿ ಸುಮ್ನೆ ಸಾವು ಯಾಕೆ? ಅದಕ್ಕೇ ಮೇಲಂಚನ್ನು ಮಾತ್ರ ಗಟ್ಟಿ ಮಾಡಿದೆ. ಕೆಳಗಿನಿಂದಲೂ ಪಕ್ಕದಿಂದಲೂ ನೆರಳೊಳಗೆ ಹಾಯಾಗಿ ಹೋಗಬಹುದು. ಮೇಲಿನಿಂದ ಬಂದರೆ ಮಾತ್ರ ಅದು ನೆಲ. ಗೊಡೋದಲ್ಲಿ ಪಾತ್ರ ನಡೆಯುವ ಇಳಿಜಾರಿಗೆ ಮೊದಲೇ 45 ಡಿಗ್ರಿಯ ಮಿತಿ ಇರುತ್ತದೆ. ಅದನ್ನು ಬದಲಿಸಲಿಲ್ಲ, ಒಗಟಿನ ಭಾಗವಾಗಿಯೇ ಬಳಸಿಕೊಂಡೆ. ನೆರಳು ಅದಕ್ಕಿಂತ ಕಡಿದಾದರೆ ಅವಳು ಜಾರುತ್ತಾಳೆ. ಹತ್ತಬಹುದಾದ ಅಂಚಿಗೆ ಪೂರ್ತಿ ಗೆರೆ, ಜಾರುವ ಅಂಚಿಗೆ ತುಂಡು ತುಂಡು ಗೆರೆ. ದೀಪವನ್ನು ಒಂಚೂರು ಸರಿಸಿದಾಗ ತುಂಡು ಗೆರೆ ಕೂಡಿಕೊಂಡು ಪೂರ್ತಿಯಾಗುತ್ತದೆ. ಅದನ್ನು ನೋಡಿದ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಜ್ವಾಲೆಯ ಬಗ್ಗೆ ಒಂದು ಮಾತು. ಲಾಟೀನು ಅಂದಮೇಲೆ ಬೆಳಕು ಅಲುಗಬೇಕು, ಇಲ್ಲವಾದರೆ ಬಲ್ಬಿನ ಹಾಗೆ ಕಾಣುತ್ತದೆ. ಆದರೆ ದೀಪದ ಜಾಗ ಅಲುಗಿದರೆ ನೆರಳೂ ಅಲುಗುತ್ತದೆ, ಮೇಲೆ ನಿಂತವಳು ನಡುಗುತ್ತಾಳೆ. ಚಿತ್ರದಲ್ಲಿ ಮಾತ್ರ ಅಲುಗಿಸಿದರೆ ಕಣ್ಣಿಗೂ ಕಾಲಿಗೂ ತಾಳ ತಪ್ಪುತ್ತದೆ. ಅದಕ್ಕೆ ಜಾಗ ಸ್ಥಿರ, ಪ್ರಖರತೆ ಮಾತ್ರ ಏರಿಳಿತ. ಅದೂ ನಿಧಾನವಾಗಿ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಸಲ ಮಿನುಗುವ ಬೆಳಕು ಕೆಲವರಿಗೆ ಅಪಸ್ಮಾರದ ಸೆಳೆತ ತರಬಲ್ಲದು. ವೆಬ್ ಸೈಟುಗಳಿಗೆ ಇರುವ ಈ ಮಿತಿಯನ್ನು ನಾನು ಆಟಕ್ಕೂ ಹಾಕಿಕೊಂಡಿದ್ದೇನೆ.

ಅಂಚು ಮೃದುವಾದ ನೆರಳು ನೋಡಲು ಎಷ್ಟು ಚೆಂದ! ಆದರೂ ಬಿಟ್ಟೆ. ಮಸುಕಾಗಿ ಹರಡುವ ಅಂಚಿನಲ್ಲಿ ನೆಲ ಎಲ್ಲಿ ಶುರುವಾಗುತ್ತದೆ ಅಂತ ಯಾರು ಹೇಳಬೇಕು? ಹಾಗೆಯೇ ನಿಜವಾದ ಬೆಳಕು ದೂರ ಎರಡರಷ್ಟಾದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಆ ಲೆಕ್ಕ ಹಾಕಿದರೆ ದೀಪದ ಸುತ್ತ ಕಣ್ಣು ಕುಕ್ಕುತ್ತದೆ, ಸ್ವಲ್ಪ ಆಚೆ ಏನೂ ಕಾಣುವುದಿಲ್ಲ. ನನ್ನ ಲಾಟೀನಿನ ಬೆಳಕು ಕೊನೆಯ ತನಕ ಹೆಚ್ಚು ಕಡಿಮೆ ಸಮನಾಗಿ ಹರಡಿ, ಅಂಚಿನಲ್ಲಿ ಥಟ್ಟನೆ ನಿಲ್ಲುತ್ತದೆ. ನಿಜಕ್ಕೆ ಹತ್ತಿರ ಅಲ್ಲ, ಆಟಕ್ಕೆ ಹತ್ತಿರ. ಕಾಲಿನ ನೆರಳನ್ನು ಕಣ್ಣಿನ ನೆರಳಿಗಿಂತ ಒಂದೆರಡು ಪಿಕ್ಸೆಲ್ ದೊಡ್ಡದೇ ಮಾಡಿದ್ದೇನೆ. ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿಯಲು ಅವಕಾಶ ಇದೆ. ಪ್ಲಾಟ್‌ಫಾರ್ಮ್ ಆಟ (ಜಿಗಿದು ದಾಟುತ್ತ ಸಾಗುವ ಆಟ) ಮಾಡುವವರಲ್ಲಿ ಹೆಚ್ಚಿನವರು ಹೀಗೆ ಕೊಡುತ್ತಾರೆ. ನೆರಳಿನ ಆಟದಲ್ಲಿ ಇದು ಇನ್ನೂ ಅಗತ್ಯ. ವ್ಯತ್ಯಾಸ ಬರುವುದೇ ಆದರೆ ಅದು ಆಡುವವರ ಕಡೆಗೆ ವಾಲಿರಲಿ.

ಇನ್ನು ಕತ್ತಲೆ. ದೀಪದ ಅಳವಿನಾಚೆಗೂ ಕತ್ತಲು, ಪೆಟ್ಟಿಗೆಯ ಹಿಂದೆಯೂ ಕತ್ತಲು. ಮೊದಲನೆಯದರ ಮೇಲೆ ನಡೆಯಲಾಗದು, ಎರಡನೆಯದರ ಮೇಲೆ ನಡೆಯಬಹುದು. ಎರಡೂ ಒಂದೇ ಬಣ್ಣದಲ್ಲಿದ್ದರೆ ಆಟವೇ ನಡೆಯದು. ನೆರಳಿಗೆ ದಟ್ಟ ನೀಲಿ, ದೂರದ ಕತ್ತಲಿಗೆ ಬೂದಿ ಬಣ್ಣ ಕೊಟ್ಟೆ. ಪೂರ್ತಿ ಕಪ್ಪು ನನ್ನ ಆಟದಲ್ಲಿ ಎಲ್ಲೂ ಇಲ್ಲ. ಒಳ್ಳೆಯ ಓಎಲ್‌ಇಡಿ ಪರದೆಯಲ್ಲಿ ಕಪ್ಪು ಅಂದರೆ ಕಪ್ಪೇ. ಅಗ್ಗದ ಎಲ್‌ಸಿಡಿಯಲ್ಲಿ ಹಿಂದಿನ ಬೆಳಕು ಸೋರಿ ಅದೇ ಕಪ್ಪು ಬೂದಿಯಾಗುತ್ತದೆ. ಬಿಸಿಲಲ್ಲಿ ಕೂತು ಆಡುವವರಿಗೆ ಎರಡೂ ಒಂದೇ ಥರ. ಅದಕ್ಕೇ ಆಟ ಶುರುವಾಗುವ ಮೊದಲು ಒಂದು ಪರದೆ ಬರುತ್ತದೆ. ಮೂರು ಪೆಟ್ಟಿಗೆಗಳ ಪೈಕಿ ಮೂರನೆಯದು ಮಾಸಿ ಮಾಸಿ ಕಾಣುವ ಹಾಗೆ ಬೆಳಕನ್ನು ಹೊಂದಿಸಿಕೊಳ್ಳಬೇಕು. ಇದನ್ನು ಯಾರೂ ತಪ್ಪಿಸಿ ಮುಂದೆ ಹೋಗದಂತೆ ಮಾಡಿದ್ದೇನೆ.

ಕತ್ತಲಿನಲ್ಲಿ ಇನ್ನೊಂದು ಕಾಟ ಪಟ್ಟೆಗಳದ್ದು. ಪರದೆಯ ಪ್ರತಿ ಬಣ್ಣಕ್ಕೂ ಸಾಮಾನ್ಯವಾಗಿ 256 ಮೆಟ್ಟಿಲು. ಕತ್ತಲಿನ ಕಡೆಯ ಕೆಲವೇ ಮೆಟ್ಟಿಲುಗಳಲ್ಲಿ ಇಡೀ ಪರದೆ ತುಂಬುವಾಗ ಒಂದೊಂದು ಮೆಟ್ಟಿಲೂ ಪಟ್ಟೆಯಾಗಿ ಎದ್ದು ಕಾಣುತ್ತದೆ. ಪ್ಲೇಡೆಡ್ ತಂಡದವರು ತಮ್ಮ 'ಇನ್‌ಸೈಡ್' ಆಟದಲ್ಲಿ ಇದನ್ನು ಹೇಗೆ ಬಗೆಹರಿಸಿದರು ಅಂತ 2016ರಲ್ಲಿ ಆಟ ಮಾಡುವವರ ಜಿಡಿಸಿ (ಗೇಮ್ ಡೆವಲಪರ್ಸ್ ಕಾನ್ಫರೆನ್ಸ್) ಸಮ್ಮೇಳನದಲ್ಲಿ ವಿವರವಾಗಿ ಹೇಳಿದ್ದಾರೆ. ಬಣ್ಣ ಹಚ್ಚುವ ಕೊನೆಯ ಹಂತದಲ್ಲಿ ಕಣ್ಣಿಗೆ ಗೊತ್ತಾಗದಷ್ಟು ಸಣ್ಣ ಕಾಳು ಕಾಳಾದ ಚುಕ್ಕೆಗಳನ್ನು (ನಾಯ್ಸ್) ಅಡ್ಡಾದಿಡ್ಡಿಯಾಗಿ ಸೇರಿಸಬೇಕು. ಪಟ್ಟೆಯ ಅಂಚು ಒಡೆದುಹೋಗುತ್ತದೆ. ಶೇಡರ್‌ನಲ್ಲಿ (ಪಿಕ್ಸೆಲ್‌ಗಳ ಬಣ್ಣ ತೀರ್ಮಾನಿಸುವ ಸಣ್ಣ ಪ್ರೋಗ್ರಾಮ್) ಒಂದೆರಡು ಸಾಲು ಬರೆದರೆ ಸಾಕು. ಆದ ಬದಲಾವಣೆ ಮಾತ್ರ ದೊಡ್ಡದು.

ಒಗಟುಗಳ ವಿಷಯಕ್ಕೆ ಬಂದರೆ ನನಗೆ ತುಂಬಾ ಕೊಟ್ಟದ್ದು ನಮ್ಮ ತೊಗಲು ಗೊಂಬೆಯಾಟ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಆ ಕಲೆಯ ವಿಡಿಯೋಗಳನ್ನು ಕೂತು ನೋಡಿದೆ. ಪರದೆಗೆ ಅಂಟಿಸಿ ಹಿಡಿದ ಗೊಂಬೆ ಚೊಕ್ಕವಾಗಿ ಕಾಣುತ್ತದೆ. ದೀಪದ ಕಡೆಗೆ ಸರಿದರೆ ನೆರಳು ಹಿಗ್ಗುತ್ತದೆ. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ ಬಣ್ಣ ಹಾಕಿರುತ್ತಾರೆ, ಹಾಗಾಗಿ ನೆರಳಿಗೂ ಬಣ್ಣ. ಇವೆರಡೂ ನನ್ನ ಆಟಕ್ಕೆ ನೇರವಾಗಿ ಬಂದವು. ಪೆಟ್ಟಿಗೆಯನ್ನು ದೀಪದ ಹತ್ತಿರಕ್ಕೆ ತಳ್ಳಿದರೆ ನೆರಳು ದಪ್ಪವಾಗಿ, ದಾರಿ ಕಡಿದಾಗುತ್ತದೆ. ಕೆಂಪು ತೊಗಲು ಕೆಂಪು ದೀಪದ ಬೆಳಕನ್ನು ಬಿಟ್ಟುಕೊಡುತ್ತದೆ, ನೆರಳು ಬೀಳುವುದೇ ಇಲ್ಲ. ಹಸಿರು ದೀಪಕ್ಕೆ ಅದೇ ತೊಗಲು ಗೋಡೆ. ಕೆಂಪು ಹಸಿರು ಬೇರೆ ಮಾಡಿ ನೋಡಲಾಗದವರೂ ಆಡುತ್ತಾರೆ ಅಲ್ವಾ, ಅದಕ್ಕೆ ಕೆಂಪಿಗೆ ಅಡ್ಡ ಗೆರೆ, ಹಸಿರಿಗೆ ಚುಕ್ಕೆ ಸೇರಿಸಿದ್ದೇನೆ.

ಮೊದಲ ಹಂತದಲ್ಲಿ ಒಂದಕ್ಷರವೂ ಇಲ್ಲ. ಒಂದು ಪೆಟ್ಟಿಗೆ, ಒಂದು ದೀಪ, ಒಂದು ಗುಂಡಿ. ಅಕ್ಕನ ಮಗನ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತೆ. ಅವನು ದೀಪ ಹಿಡಿದು ಓಡಾಡಿದ, ಜಿಗಿದ, ಬಿದ್ದ. ಆಮೇಲೆ ದೀಪ ಕೆಳಗಿಟ್ಟ. ನೆರಳು ನಿಂತಿತು. ಅವನೂ ನಿಂತ.

"ಮಾಮ, ದೀಪ ಇಲ್ಲೇ ಬಿಟ್ಟು ಹೋದ್ರೆ ಆಮೇಲೆ ತಗೊಳ್ಳೋದು ಹೇಗೆ?"

ನಾನು ಏನೂ ಹೇಳಲಿಲ್ಲ. ಆಟದ ನಡುಭಾಗದ ಹಂತಗಳೆಲ್ಲ ಆ ಪ್ರಶ್ನೆಗೆ ಉತ್ತರಗಳು. ಒಂದು ಕಡೆ ಹಗ್ಗ ರಾಟೆ ಇದೆ. ದಾಟಿದ ಮೇಲೆ ಹಗ್ಗ ಎಳೆದರೆ ದೀಪ ತೂಗಾಡುತ್ತ ಬರುತ್ತದೆ, ಅದು ಬರುವಷ್ಟು ಹೊತ್ತು ಸುತ್ತಲಿನ ನೆಲವೆಲ್ಲ ತಿರುಗುತ್ತದೆ. ಇನ್ನೊಂದು ಕಡೆ ಕನ್ನಡಿ ಇದೆ, ದೀಪವನ್ನು ಬಿಟ್ಟರೂ ಬೆಳಕು ಜೊತೆಗೆ ಬರುತ್ತದೆ. ಮತ್ತೊಂದರಲ್ಲಿ ಬಿಟ್ಟು ಹೋಗುವುದೇ ಉತ್ತರ. ಆಟ ಆಡಿಸಿ ನೋಡುವಾಗ ಬಾಯಿ ಮುಚ್ಚಿಕೊಂಡಿರಿ ಅಂತ ಎಲ್ಲರಿಗೂ ಹೇಳುತ್ತೇನೆ. ನೀವು ಸುಳಿವು ಕೊಟ್ಟರೆ ಹಂತ ಏನು ಹೇಳುತ್ತಿದೆ ಅನ್ನುವುದು ನಿಮಗೇ ಕೇಳಿಸುವುದಿಲ್ಲ.

ಆಟದ ಮೆನು ಮತ್ತು ಅಲ್ಲಲ್ಲಿ ಬರುವ ಒಂದೆರಡು ಸಾಲು ಕನ್ನಡದಲ್ಲಿವೆ. ಗೊಡೋ 3ರಲ್ಲಿ ಇದು ಆಗುತ್ತಿರಲಿಲ್ಲ, ಒತ್ತಕ್ಷರ ಒಡೆದು ಪಕ್ಕಕ್ಕೆ ಬಂದು ಕೂರುತ್ತಿತ್ತು. 2023ರಲ್ಲಿ ಬಂದ ಗೊಡೋ 4ರಲ್ಲಿ ಅಕ್ಷರ ಜೋಡಿಸುವ ವ್ಯವಸ್ಥೆ ಸರಿಯಾಗಿದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದರೆ ಅಕ್ಷರಗಳು ನೆಟ್ಟಗೆ ಬರುತ್ತವೆ. ಎರಡು ವಿಷಯ ಗಮನಿಸಿ. ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು. ಕತ್ತಲೆಯ ಹಿನ್ನೆಲೆಯಲ್ಲಿ ತೆಳು ಅಕ್ಷರದ ತಲೆಕಟ್ಟು ಮಾಯವಾಗುತ್ತದೆ, ಆದ್ದರಿಂದ ಒಂದು ಹಂತ ದಪ್ಪದ್ದೇ ಆರಿಸಿಕೊಳ್ಳಿ. ಹಳೆಯ ಆಟಗಳ ಥರದ ಪಿಕ್ಸೆಲ್ ಅಕ್ಷರ ಕನ್ನಡಕ್ಕೆ ಸಣ್ಣ ಗಾತ್ರದಲ್ಲಿ ಒಗ್ಗುವುದಿಲ್ಲ.

ಡೆಮೋವನ್ನು ಇಚ್ ಡಾಟ್ ಐಒನಲ್ಲಿ ಉಚಿತವಾಗಿ ಹಾಕಲಿದ್ದೇನೆ, ಆಮೇಲೆ ಸ್ಟೀಮ್. ಎರಡೂ ಆಟಗಳನ್ನು ಹಂಚುವ, ಮಾರುವ ಜಾಲತಾಣಗಳು. ಸ್ಟೀಮ್‌ಗೆ ಒಂದು ಆಟಕ್ಕೆ 100 ಡಾಲರ್ ಕಟ್ಟಬೇಕು, ಸಾವಿರ ಡಾಲರ್ ಗಳಿಕೆ ದಾಟಿದರೆ ಅದು ವಾಪಸ್ ಬರುತ್ತದೆ. ನೀವೂ ಇಂಥ ಆಟ ಶುರು ಮಾಡುವುದಾದರೆ ಚಿತ್ರ, ಸಂಗೀತ ಎಲ್ಲ ಆಮೇಲೆ. ಬರೀ ಬೂದು ಚೌಕಗಳನ್ನಿಟ್ಟು, ಕಾಲಿನ ನೆರಳಿಗೆ ಎದ್ದು ಕಾಣುವ ಒಂದು ಬಣ್ಣ ಹಚ್ಚಿ, ಕಣ್ಣಿನ ನೆರಳಿನ ಮೇಲೆ ಅದನ್ನು ಹಾಕಿ ನೋಡಿ. ದೀಪವನ್ನು ಎಳೆದಾಡಿ. ಎರಡೂ ಎಲ್ಲೆಲ್ಲಿ ಬೇರೆಯಾಗುತ್ತವೆ ಅಂತ ಕೂಡಲೇ ಕಾಣುತ್ತದೆ. ನನ್ನ ಆಟದಲ್ಲಿ ಆ ನೋಟಕ್ಕೆ ಒಂದು ಕೀ ಇಟ್ಟಿದ್ದೇನೆ, ಇವತ್ತಿಗೂ ಪ್ರತಿ ಹಂತವನ್ನೂ ಅದನ್ನು ಒತ್ತಿಯೇ ಪರೀಕ್ಷಿಸುತ್ತೇನೆ.