ಮಧುಗಿರಿ ಬಂಡೆಯನ್ನು ಜಲವರ್ಣದಲ್ಲಿ ಬರೆಯುವುದು: ನಾನು ಮಾಡುವ ಕ್ರಮ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬರೀ ಬೂದು ಬಣ್ಣದಲ್ಲಿ ತುಂಬಿದರೆ ಸಿಮೆಂಟು ಸುರಿದಂತೆ ಕಾಣುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಬಂಡೆಯ ಬೆಳಕಿನ ಮಗ್ಗುಲು ಗುಲಾಬಿ ಬೆರೆತ ತಿಳಿ ಮಣ್ಣುಬಣ್ಣ, ನೆರಳಿನ ಮಗ್ಗುಲು ನೇರಳೆ ಬೂದು. ಮಳೆನೀರು ಇಳಿಯುವ ಜಾಡಿನಲ್ಲಿ ಪಾಚಿ ಕಟ್ಟಿ ಒಣಗಿದ ಕಪ್ಪು ಪಟ್ಟೆಗಳು. ಈ ಮೂರು ಸಿಕ್ಕರೆ ಬಂಡೆ ಬಂತು. ಬಿರುಕು, ಕೋಟೆಗೋಡೆ ಆಮೇಲೆ.

ನಮ್ಮ ಬಯಲುಸೀಮೆಯಲ್ಲಿ ದೊಡ್ಡ ತೊಡಕು ಒಣಗುವ ವೇಗ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತು ದಾಟಿದರೆ, ವಾಶ್ (ನೀರಾಗಿ ಹರಡುವ ತೆಳು ಬಣ್ಣದ ಪದರ) ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಮೇಲಂಚು ಒಣಗಿರುತ್ತದೆ. ಅಲ್ಲಿ ಮತ್ತೆ ಬ್ರಷ್ ಇಟ್ಟರೆ ಗೆರೆ ನಿಲ್ಲುತ್ತದೆ. ಅದಕ್ಕೇ ಹಾಳೆ 11×15 ಇಂಚಿಗಿಂತ ದೊಡ್ಡದು ಬೇಡ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), ಪೂರ್ತಿ ಹತ್ತಿಯ, ಕೋಲ್ಡ್ ಪ್ರೆಸ್ (ಮೇಲ್ಮೈ ತುಸು ತರಿಯಾದ) ಹಾಳೆಯೇ ಆಗಬೇಕು. ಅಗ್ಗದ ಮರತಿರುಳಿನ ಹಾಳೆಯಲ್ಲಿ ನೀರು ಮೇಲೆಯೇ ನಿಂತು ಬೇಗ ಆರಿಹೋಗುತ್ತದೆ, ಎರಡನೇ ಪದರ ಹಚ್ಚುವಾಗ ಮೊದಲನೆಯದು ಕಿತ್ತು ಬರುತ್ತದೆ. ನಾಲ್ಕು ಬದಿಗೂ ಟೇಪ್ ಹಾಕಿ, ಅಗಲ ಬ್ರಷ್‌ನಿಂದ ಆಕಾಶದ ಭಾಗಕ್ಕೆ ನೀರು ಸವರಿ, ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಸವರುತ್ತೇನೆ. ಮೊದಲ ನೀರು ನಾರಿನೊಳಗೆ ಇಳಿಯುತ್ತದೆ, ಎರಡನೆಯದು ಮೇಲೆ ನಿಂತು ಕೆಲಸಕ್ಕೆ ಸಮಯ ಕೊಡುತ್ತದೆ. ಚಳಿಗಾಲದ ನಂದಿಬೆಟ್ಟದಲ್ಲಿ ಇದೆಲ್ಲ ತಿರುಗುಮುರುಗು: 1478 ಮೀಟರ್ ಎತ್ತರದ ಆ ಮಂಜಿನಲ್ಲಿ ವಾಶ್ ಆರುವುದೇ ಇಲ್ಲ. ಅಲ್ಲಿ ಒಂದೇ ಸಲ ಒದ್ದೆ ಮಾಡಿದರೆ ಸಾಕು.

ಬಣ್ಣ ಐದು: ಅಲ್ಟ್ರಾಮರೀನ್ (ಗಾಢ ನೀಲಿ), ಬರ್ಂಟ್ ಸಿಯೆನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣುಹಳದಿ), ಲೈಟ್ ರೆಡ್ (ಇಟ್ಟಿಗೆಗೆಂಪು), ಗ್ಯಾಂಬೋಜ್ (ಹೊಳೆವ ಹಳದಿ). ಟ್ಯೂಬಿನ ಕಪ್ಪು ಬೇಕಿಲ್ಲ, ಅದು ಬಂಡೆಯ ಜೀವ ತೆಗೆಯುತ್ತದೆ. ಟ್ಯೂಬಿನ ಸ್ಯಾಪ್ ಗ್ರೀನ್ ಕೂಡ ಮಲೆನಾಡಿಗೆ ಇರಲಿ. ಇಲ್ಲಿನ ಹುಣಸೆ, ಹೊಂಗೆಗೆ ಗ್ಯಾಂಬೋಜ್ ಮತ್ತು ಅಲ್ಟ್ರಾಮರೀನ್ ಬೆರೆಸಿ ಚೂರು ಬರ್ಂಟ್ ಸಿಯೆನಾ ಸೇರಿಸಿದರೆ ಸರಿಯಾದ ಮಂಕು ಹಸಿರು ಬರುತ್ತದೆ. ಕೆಂಪು ಹೊಲಕ್ಕೆ ಲೈಟ್ ರೆಡ್ ಒಂದು ಪಾಲು, ಓಕರ್ ಎರಡು ಪಾಲು.

ಆಕಾಶ ಒಣಗಿದ ಮೇಲೆ ಬಂಡೆ. ಹಲಗೆಯ ಮೇಲ್ಬದಿ ಎರಡು ಇಂಚು ಎತ್ತಿಟ್ಟು, 12ನೇ ನಂಬರಿನ ದುಂಡು ಬ್ರಷ್‌ನಿಂದ ಓಕರ್ ಮತ್ತು ಚೂರು ಲೈಟ್ ರೆಡ್ ಬೆರೆಸಿದ ವಾಶನ್ನು ನೀರುಮಜ್ಜಿಗೆಯಷ್ಟು ತೆಳುವಾಗಿ ಮೇಲಿಂದ ಇಳಿಸುತ್ತೇನೆ. ನೆತ್ತಿಯ ಮೇಲೆ ಬಿಸಿಲು ಬಿದ್ದ ಕಡೆ ಹಾಳೆಯ ಬಿಳುಪನ್ನು ಹಾಗೇ ಬಿಡಬೇಕು. ಆ ವಾಶ್ ಒದ್ದೆಯಿರುವಾಗಲೇ ನೆರಳಿನ ಮಗ್ಗುಲಿಗೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನಾ ಸೇರಿಸಿ ಬಿಡುತ್ತೇನೆ. ಅಲ್ಟ್ರಾಮರೀನ್ ಹಾಳೆಯ ಗುಳಿಗಳಲ್ಲಿ ಕಾಳುಕಾಳಾಗಿ ಕೂರುವುದರಿಂದ ಕಲ್ಲಿನ ತರಿ ತಾನೇ ಬರುತ್ತದೆ, ಆದರೆ ಬ್ರಷ್‌ನಿಂದ ಮತ್ತೆ ಮತ್ತೆ ತಿಕ್ಕಿದರೆ ಕಾಳು ಕದಡಿ ಕೆಸರಾಗುತ್ತದೆ.

ಕಪ್ಪು ಪಟ್ಟೆಗೆ ಕಾಯಬೇಕಾದ ಗಳಿಗೆ ಒಂದಿದೆ: ಹಾಳೆಯ ಹೊಳಪು ಆರಿ, ಬೆರಳ ಹಿಂಬದಿಗೆ ಇನ್ನೂ ತಣ್ಣಗೆ ತಾಗುವಾಗ. ಬ್ರಷ್ ಹಿಂಡಿ, ಗಟ್ಟಿ ಬಣ್ಣ ತೆಗೆದುಕೊಂಡು ಮೇಲಿಂದ ಕೆಳಕ್ಕೆ ಒಂದೇ ಎಳೆತ. ಬ್ರಷ್‌ನಲ್ಲಿ ಹಾಳೆಗಿಂತ ಹೆಚ್ಚು ನೀರಿದ್ದರೆ, ಆ ನೀರು ಅರೆಒಣಗಿದ ಬಣ್ಣವನ್ನು ತಳ್ಳಿಕೊಂಡು ಹೋಗಿ ಸೊಟ್ಟಂಚಿನ ಕಲೆ ಮಾಡುತ್ತದೆ. ಅದನ್ನು ತಿದ್ದಲು ಹೋಗದೆ ಪೂರ್ತಿ ಒಣಗಲು ಬಿಟ್ಟರೆ, ಅದರ ಮೇಲೊಂದು ಪೊದೆ ಬರೆದು ಮುಚ್ಚಬಹುದು.

ಕೂರುವುದು ನೆರಳಿನಲ್ಲಿ. ನೇರ ಬಿಸಿಲಿನಲ್ಲಿ ಹಾಳೆ ಕಣ್ಣು ಕುಕ್ಕುವುದರಿಂದ ಕೈ ತಾನಾಗಿ ಗಾಢ ಬಣ್ಣಕ್ಕೆ ಹೋಗುತ್ತದೆ. ಮನೆಯಲ್ಲಿ ನೋಡಿದರೆ ಚಿತ್ರ ಕತ್ತಲೆ. ಕೊಡೆ ಕಪ್ಪೋ ಬೂದೋ ಇರಲಿ, ಕೆಂಪು ಹಳದಿ ಕೊಡೆಯ ಛಾಯೆ ಹಾಳೆಯ ಮೇಲೆ ಬೀಳುತ್ತದೆ.

ಟೇಪ್ ಕೀಳುವುದು ಹಾಳೆ ಬೆನ್ನೂ ಒಣಗಿದ ಮೇಲೆ, ಚಿತ್ರದಿಂದ ಹೊರಮುಖವಾಗಿ ಓರೆಗೆ ಎಳೆದು. ಪಸೆಯಿರುವಾಗ ಕಿತ್ತರೆ ಹಾಳೆಯ ಮೇಲ್ಪದರವೂ ಜೊತೆಗೇ ಬರುತ್ತದೆ.